ಹೈದರಾಬಾದಿಗೆ ಹೋಗದ ಡಬ್ಬಿ

ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೆಹನಾಜ ಮೊಬೈಲ್ ರಿಪೇರಿ ಮಾಡುತ್ತಾಳೆಂದು ಊರಿಗೆಲ್ಲ ಗೊತ್ತಿತ್ತು. ಕಾರಿನ ಬ್ರೇಕಿನ ಡಬ್ಬಿಗಳನ್ನೂ ರಿಪೇರಿ ಮಾಡುತ್ತಾಳೆಂಬುದು ಮಾತ್ರ ಮನೆಯವರ ಹೊರತು ಯಾರಿಗೂ ಗೊತ್ತಿರಲಿಲ್ಲ. ಗಂಡನ ಅಣ್ಣ ನಯೀಮ ಅದನ್ನು ಹಾಗೇ ಮುಚ್ಚಿಟ್ಟಿದ್ದ.

ನಯೀಮನದು ಶಹಾಪುರ ರಸ್ತೆಯಲ್ಲಿ ದೊಡ್ಡ ಗ್ಯಾರೇಜು. ಬ್ರೇಕ್ ಹಾಕಿದಾಗ ಗಾಲಿ ಬಿಗಿಯದಂತೆ ಕಾಯುವ ಎಬಿಎಸ್‌ನ ದೀಪ ಆರದ ಕಾರು ಬಂದರೆ ಅದರ ಕಂಟ್ರೋಲ್ ಡಬ್ಬಿಯನ್ನು ಬಿಚ್ಚಿ ತೆಗೆದು, "ಹೈದರಾಬಾದಿಗೆ ಕಳಸಬೇಕ್ರಿ, ನಾಕ್ ದಿನ ಆಗ್ತದ" ಅನ್ನುತ್ತಿದ್ದ. ಡಬ್ಬಿ ಹೋಗುತ್ತಿದ್ದದ್ದು ಎರಡು ಓಣಿ ಆಚೆಗೆ. ಅವನು ಒಳಗೆ ಬರುತ್ತಿರಲಿಲ್ಲ. ಕಟ್ಟೆಯ ಮೇಲಿಟ್ಟು, ಒಮ್ಮೆ ಕೆಮ್ಮಿ, ಹೊರಟುಬಿಡುತ್ತಿದ್ದ. ರಿಪೇರಿಯಾದ ಮೇಲೆ ಮೆಹನಾಜಳೂ ಅದನ್ನು ಅದೇ ಕಟ್ಟೆಯ ಮೇಲೆ ಇಡುತ್ತಿದ್ದಳು. ಆರು ವರ್ಷದ ಹಿಂದೆ ಆಕೆ ಅಂಗಡಿ ತೆರೆದ ದಿನ, "ಹೆಣ್ಮಗಳು ಪರ ಗಂಡಸರ ಫೋನ್ ಹಿಡಕೊಂಡು ಕೂಡೂದು ನಮ್ಮ ಮನೆತನಕ್ಕ ಶೋಭಾ ಅಲ್ಲ" ಎಂದು ನಯೀಮ ಮಂದಿಯೆದುರು ಅಂದಿದ್ದ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಆದರೂ ಆಕೆ ಡಬ್ಬಿಯ ಕೆಲಸ ಬಿಡಲಿಲ್ಲ. ಆಳಂದದಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಅಪ್ಪನ ಪಕ್ಕದಲ್ಲಿ ಕೂತು ಬೆಸುಗೆ ಕಲಿತವಳು. ಕೂದಲೆಳೆಯಷ್ಟು ಬಿರುಕನ್ನು ಭೂತಗನ್ನಡಿಯಲ್ಲಿ ಹುಡುಕಿ ಕೂಡಿಸುವುದೆಂದರೆ ಆಕೆಗೆ ಹಸಿವೆ ಮರೆತುಹೋಗುತ್ತಿತ್ತು.

ಈ ಸಲದ ಮಳೆಗಾಲದಲ್ಲಿ ಒಂದು ಮುಂಜಾನೆ ನಯೀಮ ಕಟ್ಟೆ ಹತ್ತಿ ಬಾಗಿಲಿಗೇ ಬಂದ. ಕೈಯಲ್ಲಿ ಡಬ್ಬಿ, ಹಿಂದೆ ಅಂದೋಲಾದ ಶಾಲೆಯ ಮಾಸ್ತರ ಭಗವಂತ.

"ಇಕೀನೇ ನೋಡ್ರಿ ಸರ್, ನಿಮ್ಮ ಡಬ್ಬಿ ಕೆಡಿಸಿದಾಕಿ."

"ಹೈದರಾಬಾದ್ ಅಂದಿದ್ದೆಲ್ಲೋ?" ಎಂದು ಮಾಸ್ತರ ಅವನ ಮೇಲೆ ಹರಿಹಾಯ್ದ. ಆಮೇಲೆ ಮೆಹನಾಜಳ ಕಡೆ ತಿರುಗಿದ. "ಹೋದ ವಾರ ಗಾಡಿ ತೊಳಿಸಿದ್ದೆ, ನಿನ್ನಿ ಘತ್ತರಗಿಗೆ ಹೊಂಟಿದ್ದೆ. ಸೇತುವೆ ಮ್ಯಾಲ ಬ್ರೇಕ್ ಹೊಡದ್ರ ಗಾಲಿ ಬಿಗದು ಗಾಡಿ ಅಡ್ಡ ತಿರಗ್ತು. ಹಿಂದ ನನ್ನ ತಾಯಿ ಕುಂತಿದ್ಲು. ಏನವ್ವಾ, ನಿನಗ ಇದು ಆಟದ ಸಾಮಾನೇನು?"

"ಒಳಗ ಬರ್ರಿ. ನಿಮ್ಮ ಮುಂದೇ ತೆರೀತೇನಿ," ಅಂದಳು ಮೆಹನಾಜ.

ತಪ್ಪು ನಯೀಮನದೇ ಇರಬೇಕು, ಅವನೇ ಸರಿಯಾಗಿ ಕೂಡಿಸಿರಲಿಕ್ಕಿಲ್ಲ ಎಂದು ಆಕೆಗೆ ಗಟ್ಟಿಯಾಗಿ ಅನಿಸಿತ್ತು. ಹಾಗೇ ಆಗಿರಲಿ ಎಂಬ ಆಸೆಯೂ ಇತ್ತು. ಬ್ಲೇಡಿನಿಂದ ಮುಚ್ಚಳ ಬಿಡಿಸಿ ಭೂತಗನ್ನಡಿಯ ಕೆಳಗಿಟ್ಟಳು. ತಾನು ಹಾಕಿದ ಬೆಸುಗೆ ಒಂದೂ ಅಲುಗಿರಲಿಲ್ಲ. ಖುಷಿಯಿಂದ ತಲೆಯೆತ್ತಬೇಕು, ಅಷ್ಟರಲ್ಲಿ ಮೂಲೆಯಲ್ಲಿ ಹಸಿರು ಕಿಲುಬು ಕಂಡಿತು. ಅದೇ ಜಾಗದಲ್ಲಿ ಮುಚ್ಚಳದ ಅಂಟು ಎದ್ದಿತ್ತು. ಈ ಡಬ್ಬಿ ಮುಚ್ಚಿದ ದಿನ ಟ್ಯೂಬಿನಲ್ಲಿ ಅಂಟು ಮುಗಿಯುತ್ತ ಬಂದಿತ್ತು. ಮನೆಯಲ್ಲಿ ಬೀಗರು ಕೂತಿದ್ದರು. ಉಳಿದಷ್ಟನ್ನೇ ಹಿಂಡಿ, ತೆಳ್ಳಗೆ ಸವರಿ ಮುಗಿಸಿದ್ದಳು.

ಇದು ಆಕೆಯ ಹೊರತು ಅಲ್ಲಿ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಗಾಡಿ ತೊಳೆಸಿದ್ದೇ ತಪ್ಪು ಎಂದು ಮಾಸ್ತರನ ತಲೆಗೆ ಕಟ್ಟಬಹುದಿತ್ತು. ನಯೀಮನ ತಲೆಗೆ ಕಟ್ಟುವುದು ಇನ್ನೂ ಸುಲಭವಿತ್ತು. ಆಕೆ ಡಬ್ಬಿಯ ಆ ಮೂಲೆಯನ್ನು ಮಾಸ್ತರನ ಕಡೆ ತಿರುಗಿಸಿದಳು.

"ತಪ್ಪು ನಂದೇ ಸರ್. ಮುಚ್ಚಳ ಸರಿ ಅಂಟಿಸಿಲ್ಲ. ನೀರು ಹೊಕ್ಕದ."

ನಯೀಮ ನಕ್ಕ. "ಕೇಳಿದ್ರಿಲ್ಲ? ಬಾಯಿಲೆ ಒಪ್ಕೊಂಡ್ಲು!"

ಆಕೆ ಅವನತ್ತ ನೋಡಲಿಲ್ಲ. "ನೀವು ಹೊಂಡೂ ಮೊದಲೇ ಎಬಿಎಸ್ ದೀಪ ಹತ್ತಿತ್ತೇನ್ರಿ ಸರ್?"

"ಎರಡು ದಿನ ಮೊದಲೇ ಹತ್ತಿತ್ತು. ಇವಗ ಫೋನ್ ಮಾಡಿ ಕೇಳ್ದೆ. ಏನೂ ಆಗಂಗಿಲ್ಲ, ಹೋಗಿ ಬರ್ರಿ ಅಂದ."

"ನಾ ನಂದು ಹೇಳ್ದೆ ಭಾಯಿ. ನೀವು ನಿಮ್ಮದು ಹೇಳ್ರಿ," ಅಂದಳು ಮೆಹನಾಜ. "ಇಷ್ಟು ವರ್ಷ ಸರಿಹೋದ ಡಬ್ಬಿ ಯಾರ ಕೈಯಾಗ ಸರಿಹೋದ್ವು, ಅದನ್ನೂ ಹೇಳ್ರಿ."

"ಬಾಯಿ ಮುಚ್ಚು ಬೇ!" ಎಂದು ನಯೀಮ ಗದರಿದ.

ಮಾಸ್ತರ ಡಬ್ಬಿ ಕಸಿದುಕೊಂಡ. "ಇಬ್ಬರೂ ಕೂಡಿ ನನ್ನ ತಾಯಿ ಜೀವಾ ತೆಗೀತಿದ್ರಿ," ಎಂದು ಮೆಟ್ಟಿಲಿಳಿದು ಹೋದ. ಆಕೆ ಇನ್ನೊಮ್ಮೆ ಮಾಡಿಕೊಡುತ್ತೇನೆಂದು ಕೂಗಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಲಬುರಗಿಗೆ ಹೋಗಿ ಹೊಸದನ್ನೇ ಹಾಕಿಸಿದನಂತೆ.

ನಯೀಮ ಚಹಾದಂಗಡಿ ಒಂದೂ ಬಿಡದೆ ಈ ಸುದ್ದಿ ಹಬ್ಬಿಸಿದ. ಮೊಬೈಲ್ ತರುವವರೂ ಕಡಿಮೆಯಾದರು. ಗಂಡ ಮಸೂದ ಊಟಕ್ಕೆ ಕೂತಾಗ, "ಭಾಯೀಜಾನ್‌ಗೆ ಮಾಫಿ ಕೇಳಿಬಿಡು, ಮುಗೀತದ" ಅಂದ.

"ಮಾಸ್ತರಗ ಕೇಳಬೇಕಾಗಿತ್ತು, ಅವರು ನಿಲ್ಲಲಿಲ್ಲ. ಇವರಿಗ್ಯಾಕ ಕೇಳ್ಲಿ?" ಎಂದು ಮೆಹನಾಜ ಎದ್ದುಹೋದಳು.

ಆ ವಾರವೇ ಬೋರ್ಡು ಬರೆಸಿದಳು: 'ಇಲ್ಲಿ ಕಾರಿನ ಎಬಿಎಸ್ ಡಬ್ಬಿ ರಿಪೇರಿ ಮಾಡಲಾಗುವುದು. ಮೆಹನಾಜ.' ಮೂರನೆಯ ದಿನ ಯಾರೋ ಹೆಸರಿನ ಮೇಲೆ ಡಾಂಬರು ಬಳಿದಿದ್ದರು. ಯಾರೆಂದು ಆಕೆ ವಿಚಾರಿಸಲಿಲ್ಲ. ಸ್ಟೂಲು ಹಾಕಿಕೊಂಡು, ಚಿಂದಿಗೆ ಸೀಮೆಎಣ್ಣೆ ಅದ್ದಿ, ಓಣಿಯವರೆಲ್ಲ ನೋಡುತ್ತಿರುವಂತೆ ಒರೆಸಿದಳು.

ತಿಂಗಳ ಮೇಲೆ ಅಫಜಲಪುರದ ಮೆಕ್ಯಾನಿಕ್ ಮಾಳಿಂಗಪ್ಪ ಗೋಣಿಚೀಲದಲ್ಲಿ ಒಂದು ಡಬ್ಬಿ ಸುತ್ತಿಕೊಂಡು ಬಂದ. ಕೂಡಲಿಲ್ಲ, ನಗಲಿಲ್ಲ.

"ಒಂದು ಕೆಡಿಸೀಯಂತ?"

"ಹೌದ್ರಿ."

"ನೀನೇ ಹೇಳಿದಿ ಅಂತ?"

"ಹೌದ್ರಿ."

"ಇದೂ ಕೆಟ್ಟರ ಹಾಂಗ ಹೇಳಬೇಕು. ಮುಚ್ಚಿಟ್ಟಿ ಅಂದ್ರ ಇಲ್ಲೇ ಬಂದು ಮಾನಾ ತೆಗೀತೇನಿ."

ಮೆಹನಾಜ ಡಬ್ಬಿಯನ್ನು ಮುಟ್ಟಲಿಲ್ಲ. "ಗಾಡಿದು ಅರ್ಥಿಂಗ್ ವೈರ್ ಬಿಚ್ಚಿ ನೋಡೀರೇನು?"

"ಅದನ್ಯಾಕ ನೋಡ್ಲಿ?"

"ಅದು ಸಡಲಾದ್ರ ಡಬ್ಬಿ ಸರಿ ಇದ್ರೂ ದೀಪ ಹತ್ತತದ. ನೋಡಿ ಬರ್ರಿ. ನೋಡದೇ ತಂದಿದ್ದನ್ನ ನಾ ತೆರ್ಯಾಂಗಿಲ್ಲ."

ಅವನು ಗೊಣಗುತ್ತ, ಬಾಗಿಲನ್ನು ದಡಕ್ಕನೆ ಎಳೆದುಕೊಂಡು ಹೋದ. ಮರುದಿನ ಮಧ್ಯಾಹ್ನ ಅದೇ ಗೋಣಿಚೀಲ ಹಿಡಿದು ಮತ್ತೆ ಬಂದ. "ಅರ್ಥಿಂಗ್ ಸರಿ ಅದ. ನೋಡೇನಿ," ಅಂದ, ಸಿಟ್ಟಿನಿಂದಲೇ. ಮೆಹನಾಜ ಅವನಿಗೆ ಸ್ಟೂಲು ತೋರಿಸಿ, ಬ್ಲೇಡು ಕೈಗೆತ್ತಿಕೊಂಡಳು.