ಗುನ್ನಾರ್ ಅಜ್ಜನ ಹಿಮಬಂಡಿ

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಸತ್ತವರು ಕಾಣಿಸಿಕೊಂಡರು ಎಂದು ನೆಂಟರು ಹೇಳಿದಾಗಲೆಲ್ಲ, ನಿದ್ದೆಗೆಟ್ಟ ಕಣ್ಣಿಗೆ ಏನೇನೋ ಕಾಣುತ್ತದೆ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದವನು ನಾನು. ಆ ದಿನ ನಾನೂ ನಿದ್ದೆಗೆಟ್ಟಿದ್ದೆ. ನೀವೂ ಹಾಗೇ ಅಂದುಕೊಂಡರೆ ನನಗೆ ಬೇಸರವಿಲ್ಲ.

ಎರಡು ಸಾವಿರದ ದಶಕದ ಮಧ್ಯದ ಮಾತು. ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ನನಗೆ ಇಂಜಿನಿಯರ್ ಕೆಲಸ. ಊರಾಚೆ, ಗುನ್ನಾರ್ ಎಂಬ ವಯಸ್ಸಾದ ರೈತರ ಮನೆಯ ಒಂದು ಭಾಗದಲ್ಲಿ ನಾನು, ಹೆಂಡತಿ ಸುಮಾ, ಮಗಳು ಮೇಘಾ ಬಾಡಿಗೆಗಿದ್ದೆವು. ಹಿತ್ತಲಿನ ಕೊಟ್ಟಿಗೆಯಲ್ಲಿ ಅವರ ತಾತನ ಕಾಲದ ಹಿಮಬಂಡಿಯೊಂದಿತ್ತು. ಗಾಲಿಯ ಜಾಗದಲ್ಲಿ ಕಬ್ಬಿಣ ಬಡಿದ ಎರಡು ಜಾರುಪಟ್ಟಿಗಳಿದ್ದ, ಕುದುರೆ ಎಳೆಯುವ ಬಂಡಿ. ಕಾಡು ಕಡಿದು ಆ ಹೊಲ ಮಾಡಿದ ಕಾಲದಲ್ಲಿ ಅಲ್ಲಿ ರಸ್ತೆಯೇ ಇರಲಿಲ್ಲವಂತೆ. ಹಿಮ ಗಟ್ಟಿಯಾದ ಮೇಲೆಯೇ ಓಡಾಟ. ದಿಮ್ಮಿ, ಹುಲ್ಲು, ಮದುಮಗಳು, ಕಾಯಿಲೆಯವರು, ಶವಪೆಟ್ಟಿಗೆ, ಎಲ್ಲವೂ ಅದರಲ್ಲೇ ಹೋಗಿದ್ದವು ಎಂದು ಅವರು ಹೇಳುತ್ತಿದ್ದರು.

ಮೇಘಾಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಡಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ, ಹೋಗುವುದು ನಿಂತಿತು. ಆಸ್ಪತ್ರೆಯಿಂದ ಮನೆಗೆ ಬಂದಾಗಲೆಲ್ಲ ಅವಳಿಗೆ ಆ ಬಂಡಿಯೇ ಬೇಕು. ಸೀಟಿಗೆ ಹಾಸಿದ್ದ ಕುರಿಚರ್ಮದ ಮೇಲೆ ಕೂತು, ಇಲ್ಲದ ಕುದುರೆಗೆ ಸ್ವೀಡಿಷ್‌ನಲ್ಲಿ ಗದರುತ್ತಿದ್ದಳು. ಹಿಮ ಬೀಳಲಿ, ಪಕ್ಕದ ಹೊಲದವರ ಕುದುರೆ ತಂದು ನಿಜವಾಗಿಯೂ ಕರೆದುಕೊಂಡು ಹೋಗುತ್ತೇನೆ ಎಂದು ಗುನ್ನಾರ್ ಮಾತು ಕೊಟ್ಟಿದ್ದರು. ಆ ವರ್ಷ ಹಿಮ ತಡವಾಯಿತು. ಆಸ್ಪತ್ರೆಯ ಹಾಸಿಗೆಯಿಂದ ಅವಳು ದಿನಾ ಕೇಳುತ್ತಿದ್ದಳು, "ಪಪ್ಪಾ, ಸ್ನೋ ಬಂತಾ?"

ಕೊನೆಗೆ ಹಿಮ ಬಿತ್ತು. ಮಾರನೆಯ ಬೆಳಿಗ್ಗೆ ಅವಳು ಹೋದಳು.

ಅವಳಿಗೆ ಉಡಿಸಲು ಬಟ್ಟೆ ತರಲು ಮಧ್ಯಾಹ್ನ ನಾನೊಬ್ಬನೇ ಮನೆಗೆ ಬಂದೆ. ಡಿಸೆಂಬರ್, ಅಷ್ಟರಲ್ಲಾಗಲೇ ಬೆಳಕು ಇಳಿಯುತ್ತಿತ್ತು. ಹಿಮದಲ್ಲಿ ಕೊಟ್ಟಿಗೆಯ ಬಾಗಿಲಿನಿಂದ ಹೊಲದ ಕಡೆಗೆ ಎರಡು ಗೆರೆಗಳು ಹೋಗಿದ್ದವು. ನೇರವಾಗಿ, ಒಂದರ ಪಕ್ಕ ಒಂದು. ನಡುವೆ ಗೊರಸಿನ ಗುರುತಿಲ್ಲ, ಸುತ್ತ ಮನುಷ್ಯರ ಹೆಜ್ಜೆಯಿಲ್ಲ. ಗೆರೆಗಳ ಹಿಂದೆಯೇ ನಡೆದೆ. ಹೊಲದ ನಡುವೆ ಅವು ನಿಂತುಹೋಗಿದ್ದವು. ಬಂಡಿ ತಿರುಗಿಸಿದ ಗುರುತೂ ಇರಲಿಲ್ಲ.

ವಾಪಸ್ ಬಂದಾಗ ಗುನ್ನಾರ್ ಕೊಟ್ಟಿಗೆಯ ಮುಂದೆ ನಿಂತಿದ್ದರು. ಸಾವಿನ ಸುದ್ದಿ ಅವರಿಗೆ ಫೋನಿನಲ್ಲೇ ತಿಳಿಸಿದ್ದೆ.

"ನೀನು ಹೊರಗೆ ಎಳೆದೆಯಾ?" ಎಂದು ಕೇಳಿದರು.

"ಇಲ್ಲ. ನೀವು ಎಳೆದಿರಿ ಅಂದುಕೊಂಡೆ."

ಅವರು ಇಲ್ಲವೆಂದು ತಲೆಯಾಡಿಸಿ ಬೀಗ ತೆಗೆದರು. ಬಂಡಿ ತನ್ನ ಜಾಗದಲ್ಲೇ ಇತ್ತು. ಜಾರುಪಟ್ಟಿಗಳಿಗೆ ಹಸಿ ಹಿಮ ಮೆತ್ತಿಕೊಂಡಿತ್ತು. ಕುರಿಚರ್ಮದ ಮೇಲೆ, ಅವಳು ಕೂರುತ್ತಿದ್ದ ಕಡೆ, ಸಣ್ಣದೊಂದು ತಗ್ಗು. ನಾನು ಅಲ್ಲಿ ಕೈಯಿಟ್ಟೆ. ಬೆಚ್ಚಗಿತ್ತು. ಮಗು ಈಗಷ್ಟೇ ಎದ್ದುಹೋದ ಹಾಸಿಗೆ ಹೇಗಿರುತ್ತದೋ ಹಾಗೆ. ಗುನ್ನಾರ್ ಕೂಡ ಕೈಯಿಟ್ಟು ನೋಡಿದರು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಆ ಬಿಸಿ ಆರುವವರೆಗೂ ನಾನು ಕೈ ತೆಗೆಯಲಿಲ್ಲ.

ಬೆಕ್ಕು ಮಲಗಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆ ಮನೆಯಲ್ಲಿ ಬೆಕ್ಕಿರಲಿಲ್ಲ. ಹೊರಗಿನದು ಬಂದಿತ್ತು ಎಂದುಕೊಂಡರೂ ಆ ಗೆರೆಗಳಿಗೆ ಏನು ಹೇಳಲಿ? ಗುನ್ನಾರ್ ಈಗಿಲ್ಲ, ಕೇಳೋಣವೆಂದರೆ.

ಅಂದು ಆಸ್ಪತ್ರೆಗೆ ಮರಳಿ ಸುಮಾಳಿಗೆ ಎಲ್ಲ ಹೇಳಿದೆ. ನಿಜವಾ ಎಂದು ಅವಳು ಕೇಳಲಿಲ್ಲ. ಮಡಿಲಲ್ಲಿದ್ದ ಬಟ್ಟೆಗಳ ಮಡಿಕೆ ಸರಿಮಾಡಿದಳು.

"ಬಂಡೀಲಿ ಅವಳೊಬ್ಬಳೇ ಇದ್ಲಾ ರೀ? ಜೊತೆಗೆ ಯಾರಾದ್ರೂ ದೊಡ್ಡೋರು ಇದ್ರಾ?"

"ಇದ್ರು ಕಣೆ," ಎಂದೆ.

ನನಗೆ ಕಂಡಿದ್ದು ಬರೀ ಎರಡು ಗೆರೆ, ಒಂದು ತಗ್ಗು.