ಕೂತು ಉಣ್ಣುವ ಹರಕೆ

ಇವತ್ತು ಬೆಳಿಗ್ಗೆ ರಾಗಿ ಬೀಸುತ್ತಿದ್ದಾಗ ಪಕ್ಕದ ಮನೆಯಿಂದ ಮಾರಮ್ಮನ ಆರತಿಯ ತಂಬಿಟ್ಟಿಗೆ ಅಕ್ಕಿ ಹುರಿಯುವ ಘಮ ಬಂತು. ಕೈ ತಾನಾಗಿ ನಿಂತಿತು. ಆರತಿಯ ಘಮಕ್ಕೆ ಮೂಗು ಮುಚ್ಚುವ ಹೆಂಗಸು ಈ ಕೊಡಿಗೇಹಳ್ಳಿಯಲ್ಲಿ ನಾನೊಬ್ಬಳೇ ಇರಬೇಕು.

ಆರು ವರ್ಷದ ಹಿಂದೆ ಹೀಗೇ ಅಕ್ಕಿ ಹುರಿಯುತ್ತಿದ್ದೆ. ಆಸ್ಪತ್ರೆಯಿಂದ ಬಂದ ಮೈದುನ ಬಾಗಿಲಲ್ಲೇ ನಿಂತ. "ಅತ್ಗೆ, ಅಣ್ಣನ ಕಾಲು ತೆಗೆದ್ಬಿಟ್ರು. ಮಂಡಿಯಿಂದ ಕೆಳಕ್ಕೆ." ಬಾಣಲೆ ಇಳಿಸುವುದು ಮರೆತೇ ಹೋಯಿತು, ಅಕ್ಕಿ ಸೀದಿತು. ಸೀದದ್ದನ್ನು ಚೆಲ್ಲಿ ಬೇರೆ ಹುರಿದೆ. ಹರಕೆ ತಪ್ಪಿಸುವಷ್ಟು ಧೈರ್ಯ ನನಗಿರಲಿಲ್ಲ.

ಆ ಹರಕೆಯ ಕಥೆ ಹೇಳದಿದ್ದರೆ ಕಾಲಿನ ಕಥೆ ನಿಮಗೆ ಅರ್ಥವಾಗುವುದಿಲ್ಲ. ನಾನು ಮದುವೆಯಾಗಿ ಬಂದಾಗ ನಮ್ಮವರು ಕಪಿಲೆ ಹೊಡೆಯುತ್ತಿದ್ದರು. ಬಾವಿಯಿಂದ ನೀರೆತ್ತಲು ದಿನವೆಲ್ಲ ಎತ್ತುಗಳ ಜೊತೆ ಹಿಂದಕ್ಕೆ ಮುಂದಕ್ಕೆ ನಡೆಯುವ ಕೆಲಸ. ಸಂಜೆ ಎರಡು ಮುದ್ದೆ ನುಂಗಿ ಕೂತಲ್ಲೇ ತೂಕಡಿಸುತ್ತಿದ್ದರು. ನೋಡಲಾಗದೆ ಒಂದು ದಿನ ಮಾರಮ್ಮನ ಮುಂದೆ ಸೆರಗೊಡ್ಡಿದೆ: "ತಾಯಿ, ಇವರು ಕೂತು ಉಣ್ಣೋ ಹಂಗೆ ಮಾಡು. ವರ್ಷಾ ವರ್ಷಾ ತಂಬಿಟ್ಟಿನ ಆರತಿ ತರ್ತೀನಿ." ನಮ್ಮ ಹಿರಿಯರು ಹರಸುತ್ತಿದ್ದುದೂ ಅದನ್ನೇ. ಅದಕ್ಕಿಂತ ದೊಡ್ಡದನ್ನು ಬೇಡಲು ನಮಗೆ ಗೊತ್ತಿರಲಿಲ್ಲ.

ತಾಯಿ ಕೇಳಿಸಿಕೊಂಡಳು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ, ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಹಾಜರಿ ಬರೆಯುವ ಕೆಲಸ ಸಿಕ್ಕಿತು. ಹೋಗಿಬರಲು ಕಾರ್ಖಾನೆಯದೇ ಬಸ್ಸು. ಅತ್ತೆ ಬೀದಿಗೆಲ್ಲ ಕೇಳುವಂತೆ, "ನನ್ ಮಗ ಇನ್ ಮಣ್ಣು ತುಳಿಯಾಕಿಲ್ಲ ಕಣ್ರವ್ವಾ!" ಎಂದರು. ನಾನೇನು ಕಡಿಮೆಯೇ? ಮುದ್ದೆ ಬಿಡಿಸಿ ಎರಡು ಹೊತ್ತೂ ಬಿಳಿ ಅನ್ನ ಬಡಿಸಿದೆ. ಒಂದು ಚೆಂಬು ನೀರಿಗೂ ಏಳಗೊಡಲಿಲ್ಲ. ಅವರಿಗೆ ಹೊಟ್ಟೆ ಬಂದಾಗ ಅತ್ತೆ ದೃಷ್ಟಿ ತೆಗೆದರು.

"ಸ್ವಲ್ಪ ತೋಟದ ತನಕ ಹೋಗ್ಬರ್ತೀನಿ ಕಣೆ. ಕಾಲು ಜೋಮು ಹಿಡಿದಂಗಿದೆ" ಎಂದರು ಒಂದು ಸಂಜೆ ನಮ್ಮವರು.

"ನೋಡಿದೋರು ಏನಂತಾರೆ? ಕೂತ್ಕಳಿ ಸುಮ್ನೆ" ಎಂದು ತಡೆದವಳು ನಾನೇ.

ಆಮೇಲೆ ಬಚ್ಚಲ ಹಿಂದೆ, ಅವರು ಮೂತ್ರಕ್ಕೆ ಹೋಗುವ ಜಾಗದಲ್ಲಿ, ಕಪ್ಪಿರುವೆಗಳು ಸಾಲುಗಟ್ಟಿದವು. ಇರುವೆ ಬಂದ ಮನೆಗೆ ಲಕ್ಷ್ಮಿಯೂ ಬರುತ್ತಾಳೆ ಎಂದರು ಅತ್ತೆ. ನಾನು ಪ್ರತಿ ಸೋಮವಾರ ಅವಕ್ಕೆ ಚಿಟಿಕೆ ಸಕ್ಕರೆ ಹಾಕಿ ಕೈಮುಗಿದೆ. ಅವು ನನ್ನ ಸಕ್ಕರೆಯನ್ನು ಮೂಸಿಯೂ ನೋಡದೆ ಆ ಜಾಗಕ್ಕೇ ಹೋಗುತ್ತಿದ್ದವು. ಇಂಥ ಪೆದ್ದಿಯೂ ಇರುತ್ತಾಳೆಯೇ ಎಂದು ನಿಮಗೆ ನಗು ಬಂದರೆ ನಕ್ಕುಬಿಡಿ.

ಮುಳ್ಳಿನ ಮೇಲೆ ಬರಿಗಾಲಲ್ಲಿ ನಡೆದ ಮನುಷ್ಯನಿಗೆ ಹೊಸ ಬೂಟು ಕಚ್ಚಿತು. ನೋವೇ ತಿಳಿಯಲಿಲ್ಲ, ಗಾಯ ಮಾಯಲಿಲ್ಲ, ಕಪ್ಪಾಯಿತು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. "ದಿನಾ ಏನಾದ್ರೂ ನಡೀತಿದ್ರಾ?"

"ಇಲ್ಲ ಸ್ವಾಮಿ, ನಡೆಯೋಕೆ ನಾನು ಬಿಟ್ಟೇ ಇಲ್ಲ" ಎಂದೆ, ಹೆಮ್ಮೆಯಿಂದ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ನಡ್ಕೊಂಡು, ಅನ್ನ ಹಿಡಿತದಲ್ಲಿಟ್ಕೊಂಡು, ಮೊದಲೇ ತೋರ್ಸಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲವೇನೋಮ್ಮ."

ಕಾಲು ಹೋದ ಮೇಲೆ ಒಂದೂವರೆ ವರ್ಷ ಜಗಲಿಯಲ್ಲಿ ಕೂತು ಉಂಡರು. ಒಂದು ದಿನ ತಟ್ಟೆ ಇಡುವಾಗ, "ನಿನ್ ಮಾರಮ್ಮ ಮಾತು ತಪ್ಪಲಿಲ್ಲ ಕಣೆ" ಎಂದು ನಕ್ಕರು. ಕೊನೆಗೆ ನಮ್ಮ ನಡುಮನೆಯಲ್ಲೇ, ನನ್ನ ಕೈಯಿಂದ ನೀರು ಕುಡಿದು ಹೋದರು. ಅಷ್ಟನ್ನು ಕೊಟ್ಟಳಲ್ಲ ತಾಯಿ ಎಂದುಕೊಳ್ಳುತ್ತೇನೆ. ಸಮಾಧಾನಕ್ಕೆ ಬೇರೇನು ಹುಡುಕಿದರೂ ಸಿಗುವುದಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ಸಾವಿತ್ರಿ ತಂಬಿಟ್ಟು ತಂದಳು. "ಅಕ್ಕ, ನಮ್ಮೋರ್ಗೆ ಆಫೀಸ್ನಲ್ಲಿ ಕುರ್ಚಿ ಕೆಲ್ಸ ಸಿಕ್ತು. ಹರ್ಸಿ" ಎಂದು ಬಗ್ಗಿದಳು.

"ನಿನ್ ಗಂಡ ಚೆನ್ನಾಗಿ ನಡೆದಾಡ್ಕೊಂಡಿರ್ಲಿ ಕಣವ್ವ."

"ಅಯ್ಯೋ ಅಕ್ಕ, ಆ ನಡೆದಾಟ ತಪ್ಪಲಿ ಅಂತ್ಲೇ ಅಲ್ವಾ ನಾನು ಹರಕೆ ಹೊತ್ತಿದ್ದು!"

ಇರುವೆಯ ವಿಷಯ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಮನೆಯಿಂದ ಗಂಡ ನೀರು ಕೇಳುವ ದನಿ ಬಂತು. "ನೀವ್ ಏಳ್ಬೇಡಿ, ಕೂತಿರಿ, ನಾನೇ ನೀರು ತರ್ತೀನಿ!" ಎಂದು ಕೂಗುತ್ತಾ ಅವಳು ಓಡಿದಳು.

ತಂಬಿಟ್ಟನ್ನು ದೇವರ ಮುಂದಿಟ್ಟೆ. ಬೆಳಗಿನ ರಾಗಿ ಅರ್ಧಕ್ಕೇ ನಿಂತಿತ್ತು. ಬೀಸುಕಲ್ಲಿನ ಮುಂದೆ ಕೂತು ಇನ್ನೊಂದು ಹಿಡಿ ಹಾಕಿದೆ.