ಕಡಕೊಳದ ಜಾಕೆಟ್ಟು, ಜರ್ಮನಿಯ ಕತ್ತಿ

ಮೈಸೂರಿಗೆ ಬಂದ ಮೂರನೆಯ ದಿನ ಒಬ್ಬ ಹೆಂಗಸು ನನಗೆ ಉಕ್ಕಿನ ಕತ್ತಿಯಿಂದ ಹೊಡೆದಳು. ಹೊಡೆಯುವ ಮುಂಚೆ, "ಸಾರಿ ಅಕ್ಕ, ರೆಡೀನಾ?" ಎಂದು ಕೇಳಿದಳು. ಏತಕ್ಕೆ ರೆಡಿ ಎಂದು ತಿಳಿಯುವಷ್ಟರಲ್ಲಿ ಭುಜದ ಮೇಲೆ ಧಡ್ ಎಂದು ಬಿತ್ತು. ಸುತ್ತ ಇಪ್ಪತ್ತು ಹೊಲಿಗೆ ಮಿಷನ್ನುಗಳು ಓಡುತ್ತಿದ್ದವು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಏಟಿಗಿಂತ ನನಗೆ ಗಾಬರಿ ತಂದದ್ದು ಅದು.

ನೋವೇನೂ ಆಗಲಿಲ್ಲ. ಹಿಂದಿನ ದಿನ ನಾನೇ ಹೊಲಿದ, ಹಾಸಿಗೆಯಷ್ಟು ದಪ್ಪದ ಜಾಕೆಟ್ಟು ಮೈಮೇಲಿತ್ತು. ಕತ್ತಿಯ ಅಲಗು ಮೊಂಡು. "ಚೆನ್ನಾಗಿ ಹೊಲ್ದಿದ್ದೀರ," ಎಂದು ಆಕೆ ಬೆನ್ನು ತಟ್ಟಿ ಹೋದಳು.

ನಾನು ಸುಜಾತಾ, ವಿಜಯಪುರ ಜಿಲ್ಲೆಯ ಇಂಡಿಯವಳು. ಇದನ್ನು ಓದುತ್ತಿರುವ ನಮ್ಮೂರಿನ ಎಷ್ಟೋ ಹೆಣ್ಣುಮಕ್ಕಳ ರವಿಕೆಗಳನ್ನು ಹೊಲಿದವಳು ನಾನೇ. ಹದಿನಾಲ್ಕು ವರ್ಷ ಅದನ್ನೇ ಮಾಡಿದೆ. ಮೈಸೂರಿನ ಹತ್ತಿರ ಕಡಕೊಳದ ಒಂದು ಘಟಕಕ್ಕೆ ದಪ್ಪ ಬಟ್ಟೆ ಹೊಲಿಯಬಲ್ಲವರು ಬೇಕೆಂದು ತಿಳಿದಾಗ ನಮ್ಮಣ್ಣ, "ಮೂವತ್ತಾರು ಆತು ನಿನಗ. ಈ ವಯಸ್ಸಿನಾಗ ಎಲ್ಲಿ ಹೊಕ್ಕಿ?" ಎಂದ. ಆ ಪ್ರಶ್ನೆ ಕೇಳಿದ್ದಕ್ಕೇ ಹೊರಟೆ.

ಮನೆ ಹುಡುಕುವಾಗ ಮೈಸೂರಿನ ಸೌಜನ್ಯ ಏನೆಂದು ಗೊತ್ತಾಯಿತು. ನಮ್ಮ ಕಡೆ ಮನೆ ಕೊಡದವರು ಕೊಡುವುದಿಲ್ಲ ಎಂದು ಮುಖಕ್ಕೆ ಹೇಳುತ್ತಾರೆ. ಇಲ್ಲಿ ಕೂರಿಸಿ, ಕಾಫಿ ಕೊಟ್ಟು, "ನಿಮ್ದು ಯಾವ ಜನ?" ಎಂದು ಮೆತ್ತಗೆ ಕೇಳುತ್ತಾರೆ. ನಾನು ಹೇಳುತ್ತಿದ್ದೆ, ಬೌದ್ಧರು ಎಂದು. ಕಾಫಿ ಮುಗಿಯುವುದರೊಳಗೆ, "ಅಯ್ಯೋ, ಆಗ್ಲೇ ಬೇರೆಯವ್ರಿಗೆ ಹೇಳ್ಬುಟ್ಟಿದ್ದೀವಿ ಕಣಮ್ಮ," ಎಂಬ ಮಾತು ಬರುತ್ತಿತ್ತು. ಮೂರು ಮನೆಯಲ್ಲಿ ಕಾಫಿ ಕುಡಿದೆ. ನಾಲ್ಕನೆಯದು ರಾಜೀವನಗರದಲ್ಲಿ ಜಮೀಲಾಬಿಯವರ ಮಹಡಿಯ ಮೇಲಿನ ಒಂದು ಕೋಣೆ. ಅವರು ಕಾಫಿ ಕೊಡಲಿಲ್ಲ, ಬೀಗದಕೈ ಕೊಟ್ಟರು.

ಭಾಷೆ ಒಂದೇ ಅಲ್ಲವೇ, ಕಷ್ಟವೇನು ಎನ್ನಬೇಡಿ. ಪಕ್ಕದ ಮಿಷನ್ನಿನವಳಿಗೆ, "ತೋಳು ಹೊಳ್ಳಿಸಿ ಕೊಡ್ರಿ," ಎಂದರೆ ಆಕೆ ನನ್ನ ಮುಖವನ್ನೇ ನೋಡಿದಳು. "ಉಲ್ಟಾ ಮಾಡೋದಾ? ಅಂಗನ್ನಿ ಮತ್ತೆ!" ಎಂದು ನಕ್ಕಳು. 'ಲಗೂ' ಎಂದರೆ ಬೇಗ, 'ಸಾವಕಾಶ' ಎಂದರೆ ನಿಧಾನ ಎಂದು ದಿನಕ್ಕೆ ಹತ್ತು ಸಲ ಬಿಡಿಸಿ ಹೇಳಬೇಕಿತ್ತು. ಊಟಕ್ಕೆ ಕೂತಾಗ ಎಲ್ಲರ ಡಬ್ಬಿಯಲ್ಲಿ ಅನ್ನ, ಹುಳಿ. ನನ್ನದರಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಒಂದು ತಿಂಗಳು ಅದನ್ನು ವಿಚಿತ್ರವಾಗಿ ನೋಡಿದರು. ಎರಡನೆಯ ತಿಂಗಳು ನನಗೆ ಉಳಿಯದ ಹಾಗೆ ತಿಂದರು. ಆದರೂ ಭಾನುವಾರಗಳು ಬಹಳ ಉದ್ದ ಇರುತ್ತಿದ್ದವು. ನಮ್ಮ ಕಡೆಯ ಮಾತು ಕಿವಿಗೆ ಬೀಳಲೆಂದೇ ಅವ್ವನಿಗೆ ಫೋನ್ ಮಾಡಿ, ಅವಳು ಪಕ್ಕದ ಮನೆಯವರ ಜೊತೆ ಜಗಳ ಆಡುವುದನ್ನು ಸುಮ್ಮನೆ ಕೇಳುತ್ತಿದ್ದೆ.

ನನಗೆ ಹೊಡೆದಾಕೆಯ ಹೆಸರು ನಂದಿನಿ. ಫಿಸಿಯೋಥೆರಪಿಸ್ಟ್. ಓದಲು ಜರ್ಮನಿಗೆ ಹೋಗಿದ್ದಾಗ ಅಲ್ಲಿ ಉದ್ದಕತ್ತಿಯ ವಿದ್ಯೆ ಕಲಿತು ಬಂದಿದ್ದಳು. ಯುರೋಪಿನಲ್ಲಿ ಐನೂರು ಆರುನೂರು ವರ್ಷ ಹಿಂದೆ ಜನ ಎರಡು ಕೈಯಲ್ಲಿ ಕತ್ತಿ ಹಿಡಿದು ಕಾದುತ್ತಿದ್ದ ರೀತಿಯನ್ನು ಈಗಿನವರು ಹಳೆಯ ಕೈಬರಹಗಳಿಂದ ಓದಿ ಮತ್ತೆ ಕಲಿಯುತ್ತಿದ್ದಾರಂತೆ. ನಮ್ಮ ಜಾಕೆಟ್ಟುಗಳು ಹೋಗುತ್ತಿದ್ದದ್ದು ಅವರಿಗೆ. ಹೊಸ ಮಾದರಿ ಬಂದಾಗ ನಂದಿನಿ ಬಂದು ಹೊಡೆದು ನೋಡುತ್ತಿದ್ದಳು. ಭಾನುವಾರ ಬೆಳಗ್ಗೆ ಸಿದ್ಧಾರ್ಥನಗರದ ಒಂದು ಬ್ಯಾಡ್ಮಿಂಟನ್ ಶೆಡ್ಡಿನಲ್ಲಿ ಏಳೆಂಟು ಜನರಿಗೆ ಕಲಿಸುತ್ತಿದ್ದಳು.

"ನಾನೂ ಬರ್ಲೇನ್ರಿ?" ಎಂದು ಕೇಳಿದೆ.

"ಬನ್ನಿ ಅಕ್ಕ. ಸೀರೆ ಬೇಡ, ಚೂಡಿದಾರ ಹಾಕ್ಕೊಂಡ್ ಬನ್ನಿ," ಎಂದಳು. ಅಷ್ಟೇ. ಯಾವ ಜನ ಎಂದು ಕೇಳಲಿಲ್ಲ, ವಯಸ್ಸೂ ಕೇಳಲಿಲ್ಲ.

ಮೊದಲ ದಿನ ನಿಲ್ಲುವ ಭಂಗಿಗಳನ್ನು ಕಲಿಸಿದಳು. ಹಿಡಿಯನ್ನು ತಲೆಯ ಪಕ್ಕಕ್ಕೆ ಎತ್ತಿ ಮೊನೆಯನ್ನು ಎದುರಾಳಿಯ ಮುಖಕ್ಕೆ ಚಾಚುವುದು 'ಓಕ್ಸ್'. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಎತ್ತು. ಸೊಂಟದ ಬಳಿಯಿಂದ ಮೊನೆಯನ್ನು ಮೇಲಕ್ಕೆ ಚಾಚಿದರೆ 'ಫ್ಲೂಗ್', ನೇಗಿಲು. ಮೊನೆಯನ್ನು ನೆಲಕ್ಕೆ ಇಳಿಬಿಟ್ಟು, ಹೊಡೆ ಬಾ ಎನ್ನುವಂತೆ ನಿಂತರೆ 'ಆಲ್ಬರ್', ಪೆದ್ದ. ಉಳಿದವರು ಆ ಹೆಸರುಗಳನ್ನು ಉರು ಹೊಡೆಯುತ್ತಿದ್ದರು. ನನಗೆ ಉರು ಹೊಡೆಯುವ ಅಗತ್ಯವೇ ಬೀಳಲಿಲ್ಲ. ಎತ್ತು ಕೋಡು ಬಾಗಿಸುವುದನ್ನೂ ನೇಗಿಲು ನೆಲಕ್ಕೆ ಒರಗುವುದನ್ನೂ ಆ ಶೆಡ್ಡಿನಲ್ಲಿ ಹತ್ತಿರದಿಂದ ಕಂಡವಳು ನಾನೊಬ್ಬಳೇ. ಪೆದ್ದರನ್ನಂತೂ ಬೇಕಾದಷ್ಟು ಕಂಡಿದ್ದೆ.

ಫೋನಿನಲ್ಲಿ ಹೇಳಿದರೆ ಅವ್ವ ಸಿಟ್ಟಾದಳು. "ಬಿಳಿ ಮಂದಿ ಕತ್ತಿ ನಿನಗ್ಯಾಕ ಬೇಕವ್ವಾ? ನಮ್ಮ ದೇಶದಾಗ ಇಲ್ಲೇನು?"

ಇದೆ. ಮೈಸೂರಿನಲ್ಲೇ ಗರಡಿಗಳಿವೆ. ಒಂದಕ್ಕೆ ಹೋಗಿ ಕೇಳಿಯೂ ಬಂದೆ. ಅಲ್ಲಿದ್ದ ಹಿರಿಯರು ಒಳ್ಳೆಯವರೇ. "ಹೆಣ್ಮಕ್ಳು ಮಟ್ಟಿ ತುಳಿಯಂಗಿಲ್ಲ ಕಣವ್ವ, ನಮ್ಮ ತಾತನ ಕಾಲದಿಂದ್ಲೂ ಅಂಗೇ," ಎಂದರು. ಮಟ್ಟಿ ಎಂದರೆ ಅಖಾಡದ ಕೆಂಪು ಮಣ್ಣು. ಬಾಗಿಲಲ್ಲೇ ನಿಂತು ನೋಡಿ ಬಂದೆ. ಯುರೋಪಿನ ಈ ವಿದ್ಯೆಗೆ ತಾತನೇ ಇಲ್ಲ. ನಡುವೆ ಅದು ಸತ್ತುಹೋಗಿತ್ತು. ತಂದೆಯಿಂದ ಮಗನಿಗೆ ಇಳಿದು ಬಂದದ್ದಲ್ಲ, ಯಾರ ಮನೆತನದ ಆಸ್ತಿಯೂ ಅಲ್ಲ. ಚಿತ್ರ ನೋಡಿ, ಬಿದ್ದು, ಎದ್ದು, ಎಲ್ಲರೂ ಒಂದೇ ಮೆಟ್ಟಿಲಿನಿಂದ ಶುರುಮಾಡಬೇಕು. ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ವಿದ್ಯೆ ಯಾವುದಿದೆ ಹೇಳಿ. ಅವ್ವನಿಗೂ ಇದನ್ನೇ ಹೇಳಿದೆ. ಅವಳು ಫೋನ್ ಇಟ್ಟಳು.

ಸಂಜೆ ಕೆಲಸದಿಂದ ಬಂದು ಮಹಡಿಯ ಮೇಲೆ ಬಿದಿರಿನ ಕೋಲು ಹಿಡಿದು ಅಭ್ಯಾಸ ಮಾಡುತ್ತಿದ್ದೆ. ಎದುರುಮನೆಯವರು ಜಮೀಲಾಬಿಗೆ ದೂರು ಕೊಟ್ಟರು. ಅವರು ಮೆಟ್ಟಿಲು ಹತ್ತಿ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತರು. ಕೋಣೆ ಖಾಲಿ ಮಾಡಬೇಕಾಯಿತು ಎಂದುಕೊಂಡೆ.

"ಏನಮ್ಮ ಇದು?"

"ಕಸರತ್ತುರಿ."

ಸ್ವಲ್ಪ ಹೊತ್ತು ನೋಡಿದರು. "ಮಾಡ್ಕೋ. ಒಣಹಾಕಿರೋ ಬಟ್ಟೆಗೆ ಮಾತ್ರ ಹೊಡೀಬೇಡ," ಎಂದು ಇಳಿದು ಹೋದರು.

ವರ್ಷ ಕಳೆಯಿತು. ಘಟಕದಲ್ಲಿ ನನ್ನನ್ನು ತಪಾಸಣೆಗೆ ಹಾಕಿದರು. ನನ್ನ ಸಹಿಯ ಚೀಟಿ ಇಲ್ಲದೆ ಯಾವ ಜಾಕೆಟ್ಟೂ ಪೆಟ್ಟಿಗೆಗೆ ಹೋಗುವಂತಿರಲಿಲ್ಲ. ಆಗ ಯುರೋಪಿನಿಂದ ಒಂದು ಹೊಸ ಮಾದರಿ ಬಂತು. ಅದರಂತೆ ಹೊಲಿದ ಒಂದು ಜಾಕೆಟ್ಟನ್ನು ಭಾನುವಾರ ಹಾಕಿಕೊಂಡು ಅಭ್ಯಾಸಕ್ಕೆ ನಿಂತೆ. ಎತ್ತಿನ ಭಂಗಿಗೆ ಕೈ ಎತ್ತಿದಾಗ ನಂದಿನಿಯ ಏಟು ಮೊಣಕೈಗೆ ಬಿದ್ದು ಬೆರಳ ತುದಿಯವರೆಗೆ ಜೋಮು ಹಿಡಿಯಿತು. ಮನೆಗೆ ಬಂದು ತೋಳನ್ನು ಹೊಳ್ಳಿಸಿ ನೋಡಿದೆ. ಕೈ ಇಳಿಬಿಟ್ಟು ನಿಂತರೆ ಏನೂ ಗೊತ್ತಾಗುವುದಿಲ್ಲ. ಎತ್ತಿದರೆ ಮೊಣಕೈಯ ಹತ್ತಿರ ಜೋಡಣೆ ಬಾಯಿ ಬಿಟ್ಟು, ಒಳಗಿನ ಹತ್ತಿ ಎರಡೂ ಕಡೆ ಸರಿದು, ಮಧ್ಯೆ ಬರೀ ಎರಡು ಪದರ ಬಟ್ಟೆ ಉಳಿಯುತ್ತಿತ್ತು.

ಸೋಮವಾರ ಘಟಕದ ಮಾಲೀಕರಾದ ಮಹದೇವಸ್ವಾಮಿಯವರಿಗೆ ಹೇಳಿದೆ. ಹಣೆಯ ತುಂಬ ವಿಭೂತಿ, ದನಿ ಎತ್ತಿ ಮಾತಾಡದ ಮನುಷ್ಯ.

"ಪ್ಯಾಟ್ರನ್ ಅವ್ರೇ ಕಳ್ಸಿರೋದು ಕಣಮ್ಮ. ನಾವು ಹೊಲಿಯೋರು ಅಷ್ಟೇಯ. ಶನಿವಾರ ಬಂದ್ರೆ ಮಾಲು ಹೋಗ್ಬೇಕು."

"ಹೊಲಿಯೂದಷ್ಟ ಅಲ್ರಿ ನಾನು, ಹಾಕ್ಕೊಂಡು ನಿಂದರತೀನಿ. ಯಾರದರೇ ಕೈ ಮುರೀತದ."

"ಭಾನ್ವಾರ ಭಾನ್ವಾರ ಆಟ ಆಡ್ಬುಟ್ರೆ ಎಲ್ಲಾ ಗೊತ್ತಾಗ್ಬುಡುತ್ತಾ?"

"ಹೌದ್ರಿ, ಗೊತ್ತಾಗ್ತದ. ನಾನು ಸಹಿ ಮಾಡಂಗಿಲ್ಲ."

"ಸಹಿ ಮಾಡೋರು ಬೇರೆ ಸಿಕ್ತಾರಮ್ಮ. ಮನೇಲಿ ಕೂತು ಯೋಚ್ನೆ ಮಾಡಿ," ಎಂದರು. ಆ ವಾರ ಪೂರ್ತಿ ಮನೆಯಲ್ಲಿ ಕೂತೆ. ಕೆಲಸ ಹೋದರೆ ಇಂಡಿಗೆ ಮರಳಬೇಕು, ಅಣ್ಣನ ಮುಂದೆ ನಿಲ್ಲಬೇಕು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಹೋಗಿ ಸಹಿ ಹಾಕಲು ಕಾಲು ಏಳಲಿಲ್ಲ.

ಭಾನುವಾರ ಎಂದಿನಂತೆ ಶೆಡ್ಡಿಗೆ ಹೋದೆ. ಸ್ವಲ್ಪ ಹೊತ್ತಿಗೆ ಬಿಳಿ ಪಂಚೆಯುಟ್ಟ ಮಹದೇವಸ್ವಾಮಿಯವರು ಒಳಗೆ ಬಂದರು. ಕೈಯಲ್ಲಿ ಆ ಜಾಕೆಟ್ಟು. ಮಾಲನ್ನು ಇನ್ನೂ ಕಳಿಸಿರಲಿಲ್ಲ. ಬೇರೆ ಯಾರೂ ಸಹಿ ಹಾಕಲು ಒಪ್ಪಲಿಲ್ಲವಂತೆ. ನನ್ನ ರೊಟ್ಟಿ ತಿಂದ ಆ ಹೆಂಗಸರು! ಮಾಲೀಕರು ನನ್ನ ಕಡೆ ನೋಡದೆ ಪಂಚೆಯ ಮೇಲೇ ಜಾಕೆಟ್ಟು ತೊಟ್ಟು, ಗುಂಡಿ ಹಾಕಿಕೊಂಡು, "ಎಲ್ಲಮ್ಮ, ತೋರ್ಸಿ," ಎಂದರು.

"ಕೈ ಎತ್ತರಿ."

ಎತ್ತಿದರು. ನಾನು ಹೊಡೆಯಲಿಲ್ಲ. ಕತ್ತಿಯ ಮೊಂಡು ಮೊನೆಯನ್ನು ಮೊಣಕೈಯ ಜೋಡಣೆಗೆ ಇಟ್ಟು ಸಾವಕಾಶ ಒತ್ತಿದೆ. ಅವರ ಮುಖ ಬದಲಾಯಿತು. ಉಕ್ಕಿನ ತಂಪು ಚರ್ಮಕ್ಕೇ ತಾಗಿತ್ತು.

"ಐದು ವರ್ಷದಿಂದ ಮಾಡ್ತಿದ್ದೀನಿ," ಎಂದರು ಗುಂಡಿ ಬಿಚ್ಚುತ್ತ. "ಒಂದ್ ಸಲಾನೂ ಹಾಕ್ಕೊಂಡಿರ್ಲಿಲ್ಲ ಕಣಮ್ಮ." ಆಮೇಲೆ, "ಎಲ್ಲಾನೂ ಬಿಚ್ಚಿ ಹೊಲಿಯೋಕೆ ಎಷ್ಟ್ ದಿನ ಬೇಕು?"

"ಹತ್ತು ದಿನರಿ."

"ನಾಳೆ ಬಂದ್ಬುಡಿ ಅಂಗಾದ್ರೆ."

ಹನ್ನೆರಡು ದಿನ ಹಿಡಿಯಿತು. ಪ್ರತಿ ಚೀಟಿಗೂ ಕನ್ನಡದಲ್ಲೇ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

ಅದಾದ ಮೇಲೆ ರಜೆ ಹಾಕಿ ಇಂಡಿಗೆ ಬಂದಿದ್ದೆ, ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿನ ಬಿಸಿಲನ್ನು ಮೈ ತಡೆಯಲಿಲ್ಲ. ಬಾಯಿತಪ್ಪಿ "ಮರ್ತ್ಬುಟ್ಟೆ" ಎಂದುಬಿಟ್ಟೆ. ಅವ್ವ ಕೈಯಲ್ಲಿದ್ದ ರೊಟ್ಟಿ ಹಿಟ್ಟು ಬಿಟ್ಟು ನನ್ನನ್ನೇ ನೋಡಿ, "ನೀ ಮೈಸೂರಾಕಿ ಆದಿ ಬಿಡು," ಎಂದಳು. ಬೈದಳೋ ಹೊಗಳಿದಳೋ ತಿಳಿಯಲಿಲ್ಲ. ಇಲ್ಲಿ ಹಾಲಿನ ಅಂಗಡಿಯವರು ಇವತ್ತಿಗೂ ನನ್ನನ್ನು ಬಿಜಾಪುರದಮ್ಮ ಎಂದೇ ಕರೆಯುತ್ತಾರೆ.

ಮೊನ್ನೆ ನಮ್ಮ ಶೆಡ್ಡಿನಲ್ಲಿ ಸಣ್ಣದೊಂದು ಪಂದ್ಯ ನಡೆಯಿತು. ಬೆಂಗಳೂರು, ಚೆನ್ನೈ, ಕೊಚ್ಚಿಯಿಂದ ಜನ ಬಂದಿದ್ದರು. ಗೋಡೆಗೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ನಂದಿನಿ ಎಲ್ಲರ ಹೆಸರು, ಮುಂದೆ ಅವರವರ ಊರು ಬರೆಯುತ್ತಿದ್ದಳು. ನನ್ನ ಹೆಸರಿನ ಮುಂದೆ ಮೈಸೂರು ಎಂದು ಬರೆಯಲು ಹೊರಟಳು.

"ಇಂಡಿ ಬರೀರಿ," ಎಂದೆ. ಬರೆದಳು. ಓದಿ ನೋಡಿದೆ. ಅದೂ ಪೂರ್ತಿ ನಿಜವೆನಿಸಲಿಲ್ಲ. "ಮೈಸೂರೂ ಬರೀರಿ."

"ಒಂದೇ ಊರು ಅಕ್ಕ. ಜಾಗ ಎಲ್ಲಿದೆ?"

"ಅಕ್ಷರ ಸಣ್ಣ ಮಾಡ್ರಿ."

ಚೆನ್ನೈನ ಎತ್ತರದ ಹುಡುಗಿಯ ಎದುರು ನಾನು ಪೆದ್ದನ ಭಂಗಿಯಲ್ಲಿ ನಿಂತೆ. ಅವಳು ನಂಬಿ ನುಗ್ಗಿದಳು, ಮೊದಲ ಅಂಕ ನನಗೆ ಬಂತು. ಎರಡನೆಯ ಸಲ ನಂಬಲಿಲ್ಲ. ಅವಳ ಐದು ಅಂಕಕ್ಕೆ ನನ್ನದು ಮೂರಾಗಿ ಸೋತೆ. ಬೆವರು ಒರೆಸಿಕೊಳ್ಳುತ್ತ ಹೋಗಿ ಹಾಳೆ ನೋಡಿದೆ. ಸುಜಾತಾ, ಇಂಡಿ, ಮೈಸೂರು. ಕೊನೆಯ ಅಕ್ಷರ ಗೆರೆ ದಾಟಿ ಪಕ್ಕದ ಮನೆಗೆ, ಇನ್ನೊಬ್ಬರ ಹೆಸರಿನ ಜಾಗಕ್ಕೆ ನುಗ್ಗಿತ್ತು. ಇರಲಿ. ಅವರೇ ಸ್ವಲ್ಪ ಸರಿದು ನಿಲ್ಲಲಿ.